ಅಜಿನೊಮೊಟೊ ವಿಷವೇ? ಆ ಬಿಳಿ ಪುಡಿಯ ಹಿಂದಿನ ಮೇಷ್ಟ್ರ ಕಥೆ

ಕೊಟ್ಟೂರಿನಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗನೊಬ್ಬ ಭಾನುವಾರ ಗೆಳೆಯರ ಜೊತೆ ಹಾಟ್‌ಪಾಟ್ ಹೋಟೆಲಿಗೆ ಹೋಗಿದ್ದಾನೆ ಅಂದುಕೊಳ್ಳಿ. ಮೇಜಿನ ನಡುವೆ ಸೂಪು ಕುದಿಯುತ್ತಿದೆ. ಸುತ್ತ ತಟ್ಟೆಗಳಲ್ಲಿ ಸೊಪ್ಪು, ಅಣಬೆ, ಸೋಯಾ ಹಾಲಿನಿಂದ ಮಾಡಿದ ತೋಫು. ಪಕ್ಕದಲ್ಲಿ ದೊಡ್ಡ ಬಟ್ಟಲಿನ ತುಂಬಾ ರಾಮೆನ್, ಅಂದರೆ ಬಿಸಿ ಸೂಪಿನಲ್ಲಿ ಮುಳುಗಿದ ಗೋಧಿ ನೂಡಲ್ಸ್. ಫೋಟೊ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಐದು ನಿಮಿಷ ಕಳೆಯುವಷ್ಟರಲ್ಲಿ ದೊಡ್ಡಪ್ಪನಿಂದ ಒಂದು ಫಾರ್ವರ್ಡ್ ಬರುತ್ತದೆ. ಇಂಥ ಸೂಪಿಗೆ ಹಾಕುವ ಅಜಿನೊಮೊಟೊ ನಿಧಾನ ವಿಷ, ಚೀನಾದವರು ಕಂಡುಹಿಡಿದದ್ದು, ಪ್ರಾಣಿಯ ಕೊಬ್ಬಿನಿಂದ ಮಾಡುತ್ತಾರೆ, ಕ್ಯಾನ್ಸರ್ ಬರುತ್ತದೆ, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂದು ಅದರಲ್ಲಿ ಇರುತ್ತದೆ.

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಟ್‌ಪಾಟ್ ಹೋಟೆಲು ಇಲ್ಲದ ಊರಿಗೂ ಇದು ತಲುಪುತ್ತದೆ, ಏಕೆಂದರೆ ಸಂಜೆಯಾದರೆ ಗೋಬಿ ಮಂಚೂರಿ, ನೂಡಲ್ಸ್ ಗಾಡಿ ನಿಲ್ಲದ ಊರು ಈಗ ಅಪರೂಪ. ಈ ಪುಡಿ ಎಲ್ಲಿಂದ ಬಂತು, ಯಾರು ಮಾಡಿದರು, ಏಕೆ ಮಾಡಿದರು ಎಂಬುದನ್ನು ತಿಳಿದರೆ ಫಾರ್ವರ್ಡಿನ ಅರ್ಧದಷ್ಟು ಮಾತು ತಾನಾಗಿಯೇ ಕಳಚಿ ಬೀಳುತ್ತದೆ. ಉಳಿದರ್ಧವನ್ನು ನಾವು ಕೂತು ಪರಿಶೀಲಿಸಬೇಕು. ಅದಕ್ಕೇ ಇವತ್ತು ಒಬ್ಬ ಮೇಷ್ಟ್ರ ಕಥೆ ಹೇಳುತ್ತೇವೆ. ಅವರ ಹೆಸರು ಕಿಕುನಾಯೆ ಇಕೆಡಾ.

ಕ್ಯೋಟೊದ ಹುಡುಗ, ಲೈಪ್‌ಜಿಗ್‌ನ ವಿದ್ಯಾರ್ಥಿ

ಇಕೆಡಾ ಹುಟ್ಟಿದ್ದು 1864ರ ಅಕ್ಟೋಬರ್ 8ರಂದು, ಜಪಾನಿನ ಕ್ಯೋಟೊ ನಗರದಲ್ಲಿ. ಚೀನಾದಲ್ಲಿ ಅಲ್ಲ. ಅವರದು ಸಮುರಾಯ್ ಮನೆತನ. ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ, 1868ರಲ್ಲಿ, ಜಪಾನಿನ ಹಳೆಯ ಆಡಳಿತ ಉರುಳಿತು. ಸಮುರಾಯ್‌ಗಳ ಸವಲತ್ತುಗಳು ಒಂದೊಂದಾಗಿ ಹೋದವು. ಕತ್ತಿಯ ಬಲದಿಂದ ಬದುಕುವ ಕಾಲ ಮುಗಿಯಿತು, ಓದಿ ಬದುಕುವ ಕಾಲ ಬಂತು. ಇಕೆಡಾ ಆರಿಸಿಕೊಂಡದ್ದು ರಸಾಯನಶಾಸ್ತ್ರವನ್ನು.

1889ರಲ್ಲಿ ಅವರು ಟೋಕಿಯೊದ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ, ಕೆಲಕಾಲ ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳಿದರು. 1896ರಲ್ಲಿ ತಾವು ಓದಿದ ವಿಶ್ವವಿದ್ಯಾಲಯಕ್ಕೇ ಸಹಾಯಕ ಪ್ರಾಧ್ಯಾಪಕರಾಗಿ ಬಂದರು. 1899ರಲ್ಲಿ ಸರ್ಕಾರ ಅವರನ್ನು ಹೆಚ್ಚಿನ ಓದಿಗೆ ಜರ್ಮನಿಗೆ ಕಳಿಸಿತು. ಲೈಪ್‌ಜಿಗ್‌ನಲ್ಲಿ ಅವರು ಕೆಲಸ ಮಾಡಿದ್ದು ವಿಲ್ಹೆಲ್ಮ್ ಆಸ್ಟ್‌ವಾಲ್ಡ್ ಅವರ ಪ್ರಯೋಗಾಲಯದಲ್ಲಿ. ಆಸ್ಟ್‌ವಾಲ್ಡ್ ಮುಂದೆ 1909ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದವರು.

ಜರ್ಮನಿಯಲ್ಲಿ ಇಕೆಡಾ ಅವರ ಕಣ್ಣಿಗೆ ಬಿದ್ದದ್ದು ಅಲ್ಲಿನ ಜನರ ಗಟ್ಟಿಮುಟ್ಟಾದ ಮೈಕಟ್ಟು. ತಮ್ಮ ದೇಶದ ಬಡವರ ಸಪ್ಪೆ ಊಟ, ಸಣ್ಣ ದೇಹ ಅವರ ಮನಸ್ಸಿನಲ್ಲಿ ಉಳಿದಿತ್ತು. ಇನ್ನೊಂದು ಸಂಗತಿಯನ್ನು ಗಮನಿಸಿದ್ದು ಅವರ ನಾಲಿಗೆ. ಟೊಮೇಟೊ, ಚೀಸ್, ಮಾಂಸ ಇವುಗಳಲ್ಲೆಲ್ಲ ಒಂದು ಸಾಮಾನ್ಯ ರುಚಿ ಇದೆ, ಅದು ಸಿಹಿಯೂ ಅಲ್ಲ, ಹುಳಿಯೂ ಅಲ್ಲ, ಉಪ್ಪೂ ಅಲ್ಲ, ಕಹಿಯೂ ಅಲ್ಲ ಅನ್ನಿಸಿತು.

1901ರಲ್ಲಿ ಊರಿಗೆ ಮರಳುವ ಮೊದಲು ಅವರು ಸ್ವಲ್ಪ ಕಾಲ ಲಂಡನ್ನಿನಲ್ಲಿದ್ದರು. ಅಲ್ಲಿ ಒಂದೇ ಮನೆಯಲ್ಲಿ ಬಾಡಿಗೆಗೆ ಇದ್ದವರು ನತ್ಸುಮೆ ಸೊಸೆಕಿ, ಮುಂದೆ ಜಪಾನಿನ ಮಹಾ ಕಾದಂಬರಿಕಾರರೆಂದು ಹೆಸರಾದವರು. ವಿಜ್ಞಾನದ ಮೇಷ್ಟ್ರೂ ಸಾಹಿತ್ಯದ ಮೇಷ್ಟ್ರೂ ಸೇರಿ ಹೊತ್ತುಗಟ್ಟಲೆ ಮಾತಾಡುತ್ತಿದ್ದರು. ಸಾಹಿತ್ಯವನ್ನೂ ವಿಜ್ಞಾನದ ಶಿಸ್ತಿನಿಂದ ನೋಡಬೇಕೆಂಬ ಹುಮ್ಮಸ್ಸು ಸೊಸೆಕಿ ಅವರಿಗೆ ಬರಲು ಈ ಗೆಳೆತನವೂ ಒಂದು ಕಾರಣ. ಅದೇ ವರ್ಷ ಇಕೆಡಾ ಟೋಕಿಯೊಗೆ ಮರಳಿ ಪ್ರಾಧ್ಯಾಪಕರಾದರು.

ಎಲ್ಲ ಶುರುವಾದದ್ದು ಹಾಟ್‌ಪಾಟ್‌ನಿಂದಲೇ

ಜಪಾನಿನಲ್ಲಿ ಯುದೋಫು ಎಂಬ ಅಡುಗೆಯಿದೆ. ಪಾತ್ರೆಯಲ್ಲಿ ನೀರಿಟ್ಟು, ಅದಕ್ಕೆ ಕೊಂಬು ಎಂಬ ಒಣಗಿದ ಕಡಲಪಾಚಿಯ ತುಂಡು ಹಾಕಿ, ಆ ನೀರಿನಲ್ಲಿ ತೋಫು ಬೇಯಿಸಿ ಬಿಸಿಬಿಸಿಯಾಗಿ ತಿನ್ನುತ್ತಾರೆ. ಇವತ್ತು ಹಾಟ್‌ಪಾಟ್ ಎಂದು ಕರೆಯುವ ಊಟದ ಅತಿ ಸರಳ ರೂಪ ಇದು. ಮಸಾಲೆಯಿಲ್ಲ, ಎಣ್ಣೆಯಿಲ್ಲ, ಆದರೂ ಸೂಪು ರುಚಿ. 1907ರ ಸುಮಾರಿಗೆ ಮನೆಯಲ್ಲಿ ಇದನ್ನು ತಿನ್ನುತ್ತಿದ್ದಾಗ ಇಕೆಡಾ ಅವರಿಗೆ ಆ ಹಳೆಯ ಪ್ರಶ್ನೆ ಮತ್ತೆ ಎದ್ದಿತು ಎಂದು ಹೇಳುತ್ತಾರೆ. ಟೊಮೇಟೊದಲ್ಲಿ, ಚೀಸಿನಲ್ಲಿ ಸಿಕ್ಕ ರುಚಿಯೇ ಈ ಪಾಚಿ ನೀರಿನಲ್ಲೂ ಇದೆಯಲ್ಲ, ಅದು ಯಾವ ವಸ್ತುವಿನಿಂದ ಬರುತ್ತಿದೆ?

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹೋಳಿಗೆ ಮಾಡಿದ ದಿನ ಬೇಳೆ ಬಸಿದ ಕಟ್ಟನ್ನು ಯಾರೂ ಚೆಲ್ಲುವುದಿಲ್ಲ. ಅದರಿಂದ ಕಟ್ಟಿನ ಸಾರು ಮಾಡುತ್ತಾರೆ. ಬೆಂದ ವಸ್ತುವಿಗಿಂತ ಬೆಂದ ನೀರಿನಲ್ಲಿ ಸಾರ ಹೆಚ್ಚು ಎಂಬುದು ನಮ್ಮ ಅವ್ವಂದಿರಿಗೆ ಗೊತ್ತಿತ್ತು. ಇಕೆಡಾ ಹುಡುಕಿದ್ದು ಆ ಸಾರದ ಹೆಸರನ್ನು.

ಹುಡುಕುವುದು ಸುಲಭವಿರಲಿಲ್ಲ. ಕೊಂಬುವನ್ನು ನೀರಿನಲ್ಲಿ ಕುದಿಸಿ ಸಾರ ತೆಗೆದರು. ಅದರಿಂದ ಉಪ್ಪನ್ನು ಬೇರ್ಪಡಿಸಿದರು. ಕೊಂಬುವಿನ ಮೇಲೆ ಬಿಳಿ ಹುಡಿಯಾಗಿ ಕಾಣುವ, ತುಸು ಸಿಹಿಯಾದ ಮ್ಯಾನಿಟಾಲ್ ಎಂಬ ವಸ್ತುವನ್ನೂ ತೆಗೆದರು. ರುಚಿ ಇನ್ನೂ ಉಳಿದ ದ್ರವದಲ್ಲೇ ಇತ್ತು. ಒಂದೊಂದೇ ವಸ್ತುವನ್ನು ಕಳೆಯುತ್ತಾ ಹೋಗಿ, ಕೊನೆಗೆ 1908ರಲ್ಲಿ ಕೈಗೆ ಸಿಕ್ಕದ್ದು ಗ್ಲುಟಾಮಿಕ್ ಆಮ್ಲದ ಹರಳುಗಳು. ಸುಮಾರು 12 ಕಿಲೊ ಕೊಂಬುವಿನಿಂದ ಸಿಕ್ಕಿದ್ದು ಸುಮಾರು 30 ಗ್ರಾಂ.

ಈ ಆಮ್ಲ ಹೊಸದೇನೂ ಅಲ್ಲ. 1866ರಲ್ಲೇ ಜರ್ಮನಿಯ ರಿಟ್‌ಹೌಸೆನ್ ಎಂಬ ವಿಜ್ಞಾನಿ ಗೋಧಿಯ ಅಂಟಿನಿಂದ ಇದನ್ನು ಬೇರ್ಪಡಿಸಿದ್ದರು. ಆದರೆ ಅದು ರುಚಿಯ ಮೂಲ ಎಂದು ಯಾರಿಗೂ ಹೊಳೆದಿರಲಿಲ್ಲ. ಆಮ್ಲವಾಗಿ ನಾಲಿಗೆಗಿಟ್ಟರೆ ಅದು ಹುಳಿ. ಹುಳಿ ಕಳೆದು ಲವಣವಾಗಿ ಮಾಡಿದರೆ ಮಾತ್ರ ಆ ಸಾರದ ರುಚಿ ಮೇಲೆ ಬರುತ್ತದೆ. ಇಕೆಡಾ ಈ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಜಪಾನಿ ಭಾಷೆಯಲ್ಲಿ ಅದಕ್ಕೆ ಸವಿ, ರುಚಿಕಟ್ಟು ಎಂಬ ಅರ್ಥ.

ಪ್ರಯೋಗಾಲಯದಿಂದ ಅಡುಗೆಮನೆಗೆ

ಇದಕ್ಕೂ ಮೊದಲು ಜಪಾನಿನ ವೈದ್ಯರೊಬ್ಬರು ರುಚಿಯಾದ ಊಟ ಜೀರ್ಣಕ್ಕೆ ಒಳ್ಳೆಯದು ಎಂದು ಬರೆದಿದ್ದನ್ನು ಇಕೆಡಾ ಓದಿದ್ದರು. ಬಡವರ ಸೊಪ್ಪು, ತರಕಾರಿ, ತೋಫುವಿನ ಊಟಕ್ಕೆ ಅಗ್ಗದಲ್ಲಿ ರುಚಿ ಕೊಟ್ಟರೆ ಅವರು ಹೊಟ್ಟೆ ತುಂಬಾ ಉಣ್ಣುತ್ತಾರೆ, ದೇಹ ಸುಧಾರಿಸುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಸಂಶೋಧನೆಯನ್ನು ಪುಸ್ತಕದಲ್ಲಿ ಬಿಡದೆ, ಅಡುಗೆಗೆ ಹಾಕುವ ಪುಡಿ ಮಾಡಲು ಹೊರಟರು. ಬೇರೆ ಬೇರೆ ಲವಣಗಳನ್ನು ಮಾಡಿ ನೋಡಿದರು. ನೀರಿನಲ್ಲಿ ಬೇಗ ಕರಗುವ, ಇಟ್ಟರೆ ಒದ್ದೆಯಾಗದ, ರುಚಿ ಚೆನ್ನಾಗಿ ಕೊಡುವ ಸೋಡಿಯಂ ಲವಣವನ್ನು ಆರಿಸಿದರು. ಅದೇ ಮೊನೊಸೋಡಿಯಂ ಗ್ಲುಟಮೇಟ್, ಚಿಕ್ಕದಾಗಿ ಎಂಎಸ್‌ಜಿ. 1908ರ ಜುಲೈ 25ರಂದು ಇದನ್ನು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು.

ಕಡಲಪಾಚಿಯಿಂದ ಅಯೋಡಿನ್ ತೆಗೆದು ಮಾರುತ್ತಿದ್ದ ಸಬುರೊಸುಕೆ ಸುಜುಕಿ ಎಂಬ ಉದ್ಯಮಿ ಕೈಜೋಡಿಸಿದರು. 1909ರಲ್ಲಿ ಪುಡಿ ಮಾರುಕಟ್ಟೆಗೆ ಬಂತು. ಅದಕ್ಕಿಟ್ಟ ಹೆಸರು ಅಜಿನೊಮೊಟೊ, ಎಂದರೆ ರುಚಿಯ ಮೂಲ. ನಾವು ಪುಡಿಯ ಹೆಸರೆಂದು ಹೇಳುವುದು ನಿಜಕ್ಕೂ ಒಂದು ಕಂಪನಿಯ ಹೆಸರು. ಮರುವರ್ಷ, 1910ರಲ್ಲಿ, ಟೋಕಿಯೊದ ಅಸಾಕುಸದಲ್ಲಿ ರೈರೈಕೆನ್ ಎಂಬ ಹೋಟೆಲು ತೆರೆಯಿತು. ಚೀನಾದಿಂದ ಬಂದ ಗೋಧಿ ನೂಡಲ್ಸ್ ಜಪಾನಿನ ಜನಸಾಮಾನ್ಯರ ರಾಮೆನ್ ಆಗಿ ಬೆಳೆದ ಕಥೆಯಲ್ಲಿ ಆ ಹೋಟೆಲಿಗೆ ದೊಡ್ಡ ಜಾಗವಿದೆ. ಪುಡಿಯೂ ರಾಮೆನ್ನೂ ಹೆಚ್ಚುಕಡಿಮೆ ಓರಗೆಯವು.

ಫೋನಿಲ್ಲದ ಕಾಲದ ಫಾರ್ವರ್ಡ್

ವಾಟ್ಸಾಪ್ ಬಂದ ಮೇಲೆ ಸುಳ್ಳು ಹುಟ್ಟಿತು ಎಂದುಕೊಳ್ಳಬೇಡಿ. ಪುಡಿ ಹೆಸರು ಮಾಡುತ್ತಿದ್ದಂತೆ ಜಪಾನಿನಲ್ಲೇ ಒಂದು ಗಾಳಿಸುದ್ದಿ ಹಬ್ಬಿತು. ಅಜಿನೊಮೊಟೊ ಮಾಡುವುದು ಹಾವಿನಿಂದ ಅಂತೆ! ಕಂಪನಿಯವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಅಲ್ಲಗಳೆಯಬೇಕಾಯಿತು. ಆಗ ನಿಜವಾಗಿ ಬಳಸುತ್ತಿದ್ದದ್ದು ಗೋಧಿಯ ಅಂಟನ್ನು.

ಇವತ್ತಿನ ವಿಧಾನ ಬೇರೆ. 1950ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಗ್ಲುಟಾಮಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯವೊಂದನ್ನು ಕಂಡುಹಿಡಿದರು. ಅಲ್ಲಿಂದೀಚೆಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ, ಕಬ್ಬು, ಮೆಕ್ಕೆಜೋಳ, ಮರಗೆಣಸಿನ ಹಿಟ್ಟು ಇಂಥವನ್ನು ಹುದುಗಿಸಿ ಪುಡಿ ಮಾಡುತ್ತಾರೆ. ಮೊಸರು ಹೆಪ್ಪುಗಟ್ಟುವುದು, ದೋಸೆಹಿಟ್ಟು ಉಬ್ಬುವುದು ಯಾವ ತತ್ವದಿಂದಲೋ ಇದೂ ಅದೇ ತತ್ವದಿಂದ. ಪ್ರಾಣಿಯ ಕೊಬ್ಬಿನಿಂದ ಮಾಡುತ್ತಾರೆ ಎಂಬ ಮಾತಿಗೆ ಆಧಾರವಿಲ್ಲ.

ಆದರೆ ಸಸ್ಯಾಹಾರಿಗಳು ಬೇರೆ ಕಡೆ ಎಚ್ಚರವಹಿಸಬೇಕು. ರಾಮೆನ್ನಿನ ಸೂಪನ್ನು ಬಹಳ ಕಡೆ ಹಂದಿ ಅಥವಾ ಕೋಳಿಯ ಮೂಳೆ ಕುದಿಸಿ, ಒಣಮೀನಿನ ಸಾರ ಸೇರಿಸಿ ಮಾಡುತ್ತಾರೆ. ಮೇಲೆ ತರಕಾರಿ ಕಂಡ ಮಾತ್ರಕ್ಕೆ ಕೆಳಗಿನ ಸೂಪು ಸಸ್ಯಾಹಾರ ಎಂದಲ್ಲ. ಮನೆಯಲ್ಲಿ ಮಾಂಸ ಮುಟ್ಟದವರು ಇಂಥ ಹೋಟೆಲಿಗೆ ಹೋದಾಗ ಪುಡಿಯ ಬಗ್ಗೆ ಅಲ್ಲ, ಸೂಪಿನ ಬಗ್ಗೆ ಕೇಳಬೇಕು.

ಮೇಷ್ಟ್ರ ಕೊನೆಯ ವರ್ಷಗಳು

1913ರಲ್ಲಿ ಇಕೆಡಾ ಅವರ ಶಿಷ್ಯ ಶಿಂತಾರೊ ಕೊದಾಮ ಒಣಮೀನಿನ ಸಾರದಲ್ಲಿ ಉಮಾಮಿ ಕೊಡುವ ಇನ್ನೊಂದು ವಸ್ತುವನ್ನು ಗುರುತಿಸಿದರು. ಕೊಂಬುವಿನ ಸಾರಕ್ಕೆ ಒಣಮೀನು ಅಥವಾ ಅಣಬೆಯ ಸಾರ ಸೇರಿದಾಗ ರುಚಿ ಕೂಡುವುದಲ್ಲ, ಹಲವು ಪಟ್ಟು ಏರುತ್ತದೆ ಎಂಬುದು ಮುಂದೆ ಪ್ರಯೋಗದಿಂದ ತಿಳಿಯಿತು. ರಾಮೆನ್ ಸೂಪಿನ ಗುಟ್ಟು ಇದೇ.

ಇಕೆಡಾ ಅಲ್ಲಿಗೇ ನಿಲ್ಲಲಿಲ್ಲ. 1917ರಲ್ಲಿ ಶುರುವಾದ ರಿಕೆನ್ ಎಂಬ ದೊಡ್ಡ ಸಂಶೋಧನಾ ಸಂಸ್ಥೆಯನ್ನು ಕಟ್ಟುವುದರಲ್ಲಿ ಪಾಲ್ಗೊಂಡರು. 1923ರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ ಮತ್ತೆ ಜರ್ಮನಿಗೆ ಹೋಗಿ ಹಲವು ವರ್ಷ ಅಲ್ಲಿದ್ದು ಸಂಶೋಧನೆ ಮಾಡಿದರು. ಊರಿಗೆ ಮರಳಿ, 1936ರ ಮೇ 3ರಂದು ಟೋಕಿಯೊದಲ್ಲಿ ತೀರಿಕೊಂಡರು. ಅವರು ಬದುಕಿದ್ದಷ್ಟು ಕಾಲ ಉಮಾಮಿ ಒಂದು ಬೇರೆಯೇ ರುಚಿ ಎಂಬುದನ್ನು ಜಪಾನಿನ ಹೊರಗೆ ಒಪ್ಪಿದವರು ಕಡಿಮೆ. 2000 ಮತ್ತು 2002ರಲ್ಲಿ ನಾಲಿಗೆಯ ಜೀವಕೋಶಗಳಲ್ಲಿ ಗ್ಲುಟಮೇಟನ್ನು ಗುರುತಿಸುವ ಗ್ರಾಹಕಗಳ ಬಗ್ಗೆ ಸಂಶೋಧನೆಗಳು ಹೊರಬಂದ ಮೇಲೆ ಅದು ಐದನೆಯ ಮೂಲ ರುಚಿ ಎಂದು ನೆಲೆಯೂರಿತು.

ನಮ್ಮಲ್ಲಿ ಷಡ್ರಸ ಇದೆಯಲ್ಲ ಎಂದು ನೀವು ಕೇಳಬಹುದು. ಸಿಹಿ, ಹುಳಿ, ಉಪ್ಪು, ಕಹಿ ಎರಡೂ ಲೆಕ್ಕದಲ್ಲಿವೆ. ಖಾರ ಮಾತ್ರ ವಿಜ್ಞಾನದ ಲೆಕ್ಕದಲ್ಲಿ ರುಚಿಯಲ್ಲ, ಅದು ಉರಿ. ಕೊಟ್ಟೂರಿನ ಮಿರ್ಚಿ ಕಚ್ಚಿದಾಗ ಎಚ್ಚರಗೊಳ್ಳುವುದು ಬಿಸಿ ಮತ್ತು ನೋವು ತಿಳಿಸುವ ನರಗಳು. ಒಗರು ಹೆಚ್ಚಾಗಿ ಬಾಯಿ ಒಣಗಿ ಹಿಡಿದಂತಾಗುವ ಸ್ಪರ್ಶದ ಅನುಭವ. ಉಮಾಮಿಯನ್ನು ಗುರುತಿಸಬೇಕೆಂದರೆ ಚೆನ್ನಾಗಿ ಹಣ್ಣಾದ ಟೊಮೇಟೊವನ್ನು ನಿಧಾನವಾಗಿ ಅಗಿದು ನೋಡಿ. ಹುಳಿ, ಸಿಹಿ ಹೋದ ಮೇಲೂ ನಾಲಿಗೆಯ ಮೇಲೆ ಉಳಿದು ಬಾಯಲ್ಲಿ ನೀರೂರಿಸುವ ರುಚಿಯೇ ಅದು. ಟೊಮೇಟೊ ಹಣ್ಣಾದಷ್ಟೂ ಅದರಲ್ಲಿ ಗ್ಲುಟಮೇಟ್ ಹೆಚ್ಚುತ್ತದೆ. ತಾಯಿಯ ಹಾಲಿನಲ್ಲೂ ಅದು ಧಾರಾಳವಾಗಿದೆ, ಹಸುವಿನ ಹಾಲಿಗಿಂತ ಹೆಚ್ಚು.

ವಿಷ ಎಂಬ ಹೆಸರು ಬಂದದ್ದು ಹೇಗೆ?

ಇಕೆಡಾ ತೀರಿಕೊಂಡು 32 ವರ್ಷವಾದ ಮೇಲೆ, 1968ರ ಏಪ್ರಿಲ್‌ನಲ್ಲಿ, ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯರ ಪತ್ರ ಪ್ರಕಟವಾಯಿತು. ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕತ್ತಿನ ಹಿಂಭಾಗ ಮರಗಟ್ಟಿದಂತೆ, ನಿಶ್ಶಕ್ತಿ, ಎದೆ ಬಡಿತ ಆಗುತ್ತದೆ ಎಂದು ಅವರು ಬರೆದಿದ್ದರು. ಕಾರಣ ಸೋಯಾ ಸಾಸೋ, ಅಡುಗೆಗೆ ಹಾಕುವ ಮದ್ಯವೋ, ಈ ಪುಡಿಯೋ, ಹೆಚ್ಚಿದ ಉಪ್ಪೋ ಎಂದು ಕೇಳಿದ್ದರು. ಅದು ಸಂಶೋಧನೆಯಲ್ಲ, ಬರೀ ಪ್ರಶ್ನೆ. ಪತ್ರಿಕೆ ಅದಕ್ಕೆ ಚೀನೀ ಹೋಟೆಲಿನ ಕಾಯಿಲೆ ಎಂಬ ಅರ್ಥದ ತಲೆಬರಹ ಕೊಟ್ಟಿತು. ನಾಲ್ಕು ಅನುಮಾನಗಳಲ್ಲಿ ಜನರ ಬಾಯಲ್ಲಿ ಉಳಿದದ್ದು ಪುಡಿಯೊಂದೇ. ಮರುವರ್ಷ ಇಲಿಮರಿಗಳಿಗೆ ಭಾರಿ ಪ್ರಮಾಣದಲ್ಲಿ ಚುಚ್ಚುಮದ್ದಾಗಿ ಕೊಟ್ಟಾಗ ಮಿದುಳಿಗೆ ಹಾನಿಯಾಯಿತೆಂಬ ವರದಿ ಬಂತು. ಊಟದಲ್ಲಿ ಚಿಟಿಕೆ ತಿನ್ನುವುದಕ್ಕೂ ಚುಚ್ಚುಮದ್ದಿಗೂ ಇರುವ ವ್ಯತ್ಯಾಸವನ್ನು ಸುದ್ದಿ ಹೇಳಲಿಲ್ಲ. ನಾವು ತಿಂದ ಗ್ಲುಟಮೇಟಿನ ಬಹುಪಾಲನ್ನು ಕರುಳೇ ಶಕ್ತಿಗಾಗಿ ಬಳಸಿಕೊಳ್ಳುತ್ತದೆ.

ಆಮೇಲೆ ಸರಿಯಾದ ಪರೀಕ್ಷೆಗಳು ನಡೆದವು. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಈ ಪುಡಿ ಆಗುವುದಿಲ್ಲ ಎಂದು ತಾವೇ ಹೇಳಿಕೊಂಡ 130 ಜನರನ್ನು ಪರೀಕ್ಷಿಸಿದರು. ಯಾವುದರಲ್ಲಿ ಪುಡಿ ಇದೆ, ಯಾವುದರಲ್ಲಿ ಇಲ್ಲ ಎಂದು ಕೊಡುವವರಿಗೂ ತಿನ್ನುವವರಿಗೂ ಗೊತ್ತಿರಲಿಲ್ಲ. ಮತ್ತೆ ಮತ್ತೆ ಕೊಟ್ಟಾಗ ಫಲಿತಾಂಶ ಒಂದೇ ರೀತಿ ಬರಲಿಲ್ಲ. ಊಟದ ಜೊತೆ ಕೊಟ್ಟಾಗ ಖಚಿತವಾದ ತೊಂದರೆ ಕಾಣಲಿಲ್ಲ.

ಹಾಗಾದರೆ ಎಷ್ಟು ಬೇಕಾದರೂ ತಿನ್ನಬಹುದೇ? ಹಾಗೂ ಅಲ್ಲ. ಖಾಲಿ ಹೊಟ್ಟೆಯಲ್ಲಿ ಒಮ್ಮೆಗೇ 3 ಗ್ರಾಂ ಅಥವಾ ಹೆಚ್ಚು ತಿಂದರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಬಿಸಿಯಾದಂತೆ ಅನ್ನಿಸಬಹುದು. ಒಂದು ಊಟದಲ್ಲಿ ಸಾಮಾನ್ಯವಾಗಿ ಇರುವುದು ಅರ್ಧ ಗ್ರಾಂಗಿಂತ ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2017ರಲ್ಲಿ ದಿನಕ್ಕೆ, ದೇಹದ ತೂಕದ ಪ್ರತಿ ಕಿಲೊಗೆ 30 ಮಿಲಿಗ್ರಾಂ ಎಂದು ಮಿತಿ ಹೇಳಿದೆ. 60 ಕಿಲೊ ತೂಕದವರಿಗೆ ಅದು 1.8 ಗ್ರಾಂ. ಒಂದು ವರ್ಷದೊಳಗಿನ ಶಿಶುಗಳಿಗೆ ಪುಡಿ ಹಾಕಿದ ಆಹಾರ ಬೇಡ. ಇದನ್ನು ತಿಂದರೆ ಮನುಷ್ಯರಿಗೆ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ನಿಮಗೆ ತಿಂದಾಗಲೆಲ್ಲ ತೊಂದರೆಯಾಗುತ್ತಿದ್ದರೆ ಬಿಟ್ಟುಬಿಡಿ, ವೈದ್ಯರನ್ನು ಕಾಣಿ. ಕಾರಣ ಸೋಯಾ, ಗೋಧಿ, ಶೇಂಗಾ, ಎಳ್ಳು ಅಥವಾ ಸೀಗಡಿಯ ಅಲರ್ಜಿ ಇರಬಹುದು.

ನಾವು ನಿಜಕ್ಕೂ ಹೆದರಬೇಕಾದ್ದು ಯಾವುದಕ್ಕೆ?

ತಪ್ಪು ವಸ್ತುವಿಗೆ ಹೆದರುವುದರಿಂದ ಆಗುವ ನಷ್ಟ ಇದೇ: ಸರಿಯಾದ ವಸ್ತುವಿನ ಮೇಲೆ ಕಣ್ಣು ಹೋಗುವುದಿಲ್ಲ.

ಮೊದಲನೆಯದು ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ. ಒಂದು ದೊಡ್ಡ ಬಟ್ಟಲು ರಾಮೆನ್ನನ್ನು ಸೂಪು ಸಮೇತ ಮುಗಿಸಿದರೆ ಅದೊಂದರಲ್ಲೇ ಅಷ್ಟು ಉಪ್ಪು ಒಳಹೋಗುವುದು ಅಪರೂಪವಲ್ಲ. ಬಿ.ಪಿ. ಇರುವವರಿಗೆ ಅಪಾಯ ಇಲ್ಲಿದೆ. ಅಡುಗೆ ಉಪ್ಪಿನಲ್ಲಿ ಶೇ. 39ರಷ್ಟು ಸೋಡಿಯಂ ಇದ್ದರೆ ಇಕೆಡಾ ಅವರ ಪುಡಿಯಲ್ಲಿ ಇರುವುದು ಸುಮಾರು ಶೇ. 12. ಸೂಪಿನಲ್ಲಿ ಎರಡೂ ಇರುತ್ತವೆ, ಹೆಚ್ಚಿನ ಸೋಡಿಯಂ ಬರುವುದು ಉಪ್ಪು ಮತ್ತು ಸಾಸಿನಿಂದ. ನೂಡಲ್ಸ್, ತರಕಾರಿ ತಿಂದು ಸೂಪನ್ನು ಬಟ್ಟಲಲ್ಲೇ ಬಿಡುವುದು ಸುಲಭ ಉಪಾಯ.

ಎರಡನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದ ವಿವರ ಹೊರಹಾಕಿತು. 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತ್ತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣವನ್ನು ಆಹಾರದಲ್ಲಿ ಬಳಸದಂತೆ ಸರ್ಕಾರ ಆಗ ನಿಷೇಧ ಹೊರಡಿಸಿತು. ಗೋಬಿ ಕಡುಗೆಂಪಾಗಿ ಮಿಂಚುತ್ತಿದ್ದರೆ ಪುಡಿ ಹಾಕಿದ್ದೀರಾ ಎಂದು ಕೇಳುವ ಮೊದಲು ಬಣ್ಣ ಯಾವುದು ಎಂದು ಕೇಳಿ.

ಮೂರನೆಯದು ಹಸಿ ಮಾಂಸ ಮತ್ತು ಕರಿದ ಎಣ್ಣೆ. ಹಾಟ್‌ಪಾಟ್‌ನಲ್ಲಿ ಹಸಿ ಮಾಂಸ, ಮೀನನ್ನು ನಾವೇ ಬೇಯಿಸಿಕೊಳ್ಳುತ್ತೇವೆ. ಹಸಿಯದನ್ನು ಎತ್ತಿ ಹಾಕುವ ಚಾಪ್‌ಸ್ಟಿಕ್ ಬೇರೆ, ಬಾಯಿಗೆ ಇಡುವುದು ಬೇರೆ ಇರಬೇಕು. ಹೊಸ ತುಂಡು ಹಾಕಿದ ಮೇಲೆ ಸೂಪು ಮತ್ತೆ ಕುದಿಯಬೇಕು, ಕೋಳಿಯ ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಗಾಡಿಯ ಕಡೆಯಾದರೆ, ಕಪ್ಪಾಗಿ ಹೊಗೆಯಾಡುವ ಹಳೆಯ ಎಣ್ಣೆಯಲ್ಲಿ ಕರಿದದ್ದನ್ನು ಬಿಡಿ.

ಈಗ ಮತ್ತೆ ಮನೆಯ ಗ್ರೂಪಿಗೆ ಬರೋಣ. ಅಜಿನೊಮೊಟೊ ಮುಟ್ಟುವುದಿಲ್ಲ ಎಂದು ಹೆಮ್ಮೆಪಡುವ ದೊಡ್ಡಪ್ಪನಿಗೆ ಬಿ.ಪಿ. ಇರಬಹುದು. ಅವರ ತಟ್ಟೆಯಲ್ಲಿ ದಿನಾ ಉಪ್ಪಿನಕಾಯಿ, ಹಪ್ಪಳ, ಸಂಜೆಗೆ ಮಂಡಕ್ಕಿ ಮಿರ್ಚಿ ಇರಬಹುದು. ಹುಡುಗ ಅವರಿಗೆ ಗೌರವದಿಂದಲೇ ಎರಡು ಸಾಲು ಬರೆಯಬಹುದು: ಪುಡಿ ವಿಷವಲ್ಲ ದೊಡ್ಡಪ್ಪ, ನಾನು ಸೂಪು ಪೂರ್ತಿ ಕುಡಿಯಲಿಲ್ಲ, ನೀವೂ ಉಪ್ಪು ಕಡಿಮೆ ಮಾಡಿ, ಈ ತಿಂಗಳ ಬಿ.ಪಿ. ತೋರಿಸಿದ್ರಾ?

ಬಡವರು ರುಚಿಯಾಗಿ ಉಂಡು ಗಟ್ಟಿಯಾಗಲಿ ಎಂದು ಮೇಷ್ಟ್ರೊಬ್ಬರು ಕಡಲಪಾಚಿಯ ನೀರಿನಲ್ಲಿ ಹುಡುಕಿದ ವಸ್ತು ಇದು. ಅದನ್ನು ಹೊಗಳಬೇಕಾಗಿಲ್ಲ, ಅಡುಗೆಗೆ ಹಾಕಲೇಬೇಕೆಂದೂ ಇಲ್ಲ. ಹಣ್ಣಾದ ಟೊಮೇಟೊ, ಅಣಬೆ ಹಾಕಿದರೂ ಆ ರುಚಿ ಸಿಗುತ್ತದೆ. ಹತ್ತು ಜನರಿಗೆ ಏನನ್ನಾದರೂ ಕಳಿಸಲೇಬೇಕೆಂದಿದ್ದರೆ ಉಪ್ಪಿನ ಲೆಕ್ಕ ಕಳಿಸಿ. ಅದರಿಂದ ಒಬ್ಬರಾದರೂ ಬಿ.ಪಿ. ಪರೀಕ್ಷೆಗೆ ಹೋದರೆ, ಪುಣ್ಯ ಅಲ್ಲೇ ಇದೆ.